ಬದನೆ ಮಡಿಯಲ್ಲಿ ಕುಣಿ

“ಅಲ್ಲಲ್ಲ, ಇನ್ನೂ ಒಳಗ ಬಾ,” ಎಂದು ಪ್ರಭುರಾಜ ಗುದ್ದಲಿ ಹಿಡಿದಿದ್ದ ಬಡೇಸಾಬನ ತೋಳು ಹಿಡಿದು ಎಳೆದ. “ಬದುವಿನ ಮ್ಯಾಲ ಬ್ಯಾಡ. ಮಡಿ ನಟ್ಟನಡುವ ಅಗಿ.”

ಬಡೇಸಾಬ ಕಾಲ ಬುಡಕ್ಕೆ ನೋಡಿದ. ಮೊಳಕಾಲೆತ್ತರದ ಬದನೆ ಗಿಡಗಳು ಹೂ ಬಿಟ್ಟಿದ್ದವು.

“ಇವು ಹೈಸ್ಕೂಲ್ ಹುಡುಗ್ರು ಹಚ್ಚಿದ್ದು ಅಲ್ಲೇನ್ರಿ? ಗುರುವಾರ ಅವ್ರ ಕೃಷಿ ಪ್ರಾಕ್ಟಿಕಲ್ ಪರೀಕ್ಷಾ ಐತಿ. ನನ್ನ ಮಗಳು ಮೆಹರಾಜಂದೂ ಇಲ್ಲೇ ಐತಿ.”

“ಅದಕ್ಕ ಇಲ್ಲೇ ಅಗಿ ಅನ್ನಾಕತ್ತೀನಿ. ನಡುವ ನನ್ನ ತಮ್ಮನ ಗದ್ದಿಗಿ ಎದ್ದರ, ನಾಳಿ ಯಾವ ಸಾಲ್ಯಾವನೂ ಈ ಹೊಲ ನಂದು ಅನ್ನಾಂಗಿಲ್ಲ.”

ಹನುಮಸಾಗರಕ್ಕೆ ಹತ್ತಿರದ ಆ ಊರಿನ ಹೈಸ್ಕೂಲಿನಲ್ಲಿ ಕೃಷಿ ಕಲಿಸುತ್ತಿದ್ದ ಹಾಲೇಶ ಮಾಸ್ತರ, ಹಿಂದಿನ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುವುದು ಆ ಮನೆತನದ ರೂಢಿ. ಅಪ್ಪ, ಅಜ್ಜ ಎಲ್ಲರೂ ಬದುವಿನ ಬೇವಿನ ಗಿಡದ ಕೆಳಗೆ ಕೂತಿದ್ದರು. ಮಾಸ್ತರನಿಗೂ ಅಲ್ಲೇ ಜಾಗವಿತ್ತು. ಆದರೆ ಅಣ್ಣ ಪ್ರಭುರಾಜನಿಗೆ ತಮ್ಮ ಸತ್ತ ದುಃಖಕ್ಕಿಂತ, ತಮ್ಮ ತನ್ನ ಪಾಲಿನ ಈ ತುಂಡು ಹೊಲವನ್ನು ಶಾಲೆಗೆ ಬರೆದುಕೊಟ್ಟು ಸತ್ತನೋ ಏನೋ ಎಂಬ ಸಂಶಯವೇ ದೊಡ್ಡದಾಗಿತ್ತು.

ಬಡೇಸಾಬ ಬಿಸ್ಮಿಲ್ಲಾ ಎಂದು ಗುದ್ದಲಿ ಎತ್ತಿದ. ಮೊದಲ ಏಟು ಬೀಳುವಾಗ ಕಣ್ಣು ಮುಚ್ಚಿಕೊಂಡ.

ಮನೆಯಲ್ಲಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಮಾಸ್ತರನ ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಹೆಂಡತಿ ಶಿವಲೀಲಾ. ನೆರೆಮನೆಯ ಕಸ್ತೂರೆಮ್ಮ ಅಳುತ್ತಲೇ ಅವಳ ಕಿವಿಗೆ ಬಾಗಿದಳು.

“ಹೊಲದ ಕಾಗದಕ್ಕ ಸಹಿ ಮಾಡ್ಯಾನಂತ ಊರ ತುಂಬ ಸುದ್ದಿ ಐತಿ. ನಿನಗ ಗೊತ್ತಿಲ್ಲೇನಬೇ?”

ಗಡಿಗೆ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲಾದೀತೇ! ಆದರೆ ಶಿವಲೀಲಾಳನ್ನು ಸುಟ್ಟಿದ್ದು ಮಂದಿಯ ಬಾಯಿಯಲ್ಲ. ಆ ಪ್ರಶ್ನೆ ಅವಳದ್ದೂ ಆಗಿತ್ತು.

*

ಹಿಂದಿನ ವರ್ಷ ಕೃಷಿ ಕೋರ್ಸು ಶುರುವಾದಾಗ ಹಾಲೇಶ ಮಾಸ್ತರ ಒಂಬತ್ತನೇ ಇಯತ್ತೆಯ ಮಕ್ಕಳನ್ನು ಸಾಲಾಗಿ ಹೊಲಕ್ಕೆ ಕರೆತಂದಿದ್ದ. ಶಿವಲೀಲಾ ರೊಟ್ಟಿ ಬುತ್ತಿ ಹೊತ್ತು ಬಂದವಳು ಬದುವಿನ ಮೇಲೇ ನಿಂತುಬಿಟ್ಟಳು.

“ಸಾಲಿ ಕೆಲಸಕ್ಕ ನಮ್ಮ ಹೊಲ ಯಾಕ್ರಿ?”

“ಸಾಲಿ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕ್ಯಾರ. ಫರಸಿ ಮ್ಯಾಲ ಏನ ಬಿತ್ತಲಿ? ಪುಸ್ತಕದ ಬದನಿಕಾಯಿ ಪಲ್ಯಕ್ಕ ಬರ್ತೈತೇನ?”

ಅಷ್ಟರಲ್ಲಿ ಬಡೇಸಾಬ ಜಗಳಕ್ಕೇ ಬಂದ. “ಮಗಳು ಹೊಲ ಬಿಟ್ಟು ಬದುಕ್ಲಿ ಅಂತ ನಾ ಸಾಲಿಗೆ ಕಳಿಸಿದ್ರ, ನೀವು ಮತ್ತ ಹೊಲಕ್ಕ ತಂದೀರಿ. ಕೂಲಿ ಉಳಿಸಾಕ ಛಲೋ ದಾರಿ ಹುಡಿಕೀರಿ, ಮಾಸ್ತರ!”

ಮಾಸ್ತರ ಮೆಹರಾಜಳ ಕೈಯಲ್ಲಿ ಒಂದು ಮಣ್ಣಿನ ಹೆಂಟೆ ಇಟ್ಟು, “ಪುಡಿ ಮಾಡು. ಹೆಂಟಿ ಉಳಿದ್ರ ಬೇರು ಎಲ್ಲಿಗೆ ಹೋಗಬೇಕು?” ಎಂದ. ಬಡೇಸಾಬ ಬೈಯುತ್ತಲೇ ಹೋದ. ಮಗಳು ಮಾತ್ರ ಮರುದಿನವೂ ಬಂದಳು.

ಆ ಸಂಜೆ ಶಿವಲೀಲಾ ನೇರವಾಗಿ ಕೇಳಿದ್ದಳು: “ಹೊಲ ಬರದು ಕೊಟ್ಟೀರೇನು?”

ಅವನು ನಕ್ಕ. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆ ನಗು ಅವಳ ಎದೆಯಲ್ಲಿ ಜಾಲಿ ಮುಳ್ಳಿನ ಹಾಗೆ ಮುರಿದು ಉಳಿದುಬಿಟ್ಟಿತು.

*

ಹೆಡ್‌ಮಾಸ್ತರ ಕೊಟ್ರಬಸಪ್ಪ ಹಾರ ಹಿಡಿದು ಬಂದಾಗ ಪಡಸಾಲೆಯ ಮಂದಿ ಎದ್ದು ಜಾಗ ಮಾಡಿದರು. ಹಾರ ಹಾಕಿ, ಕೈಮುಗಿದು, ಅವರು ಶಿವಲೀಲಾಳ ಎದುರು ಕೂತರು. ಪ್ರಭುರಾಜ ಹೊಲದಿಂದ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ.

“ಸರ, ನನ್ನ ಮಾರಿ ನೋಡಿ ಹೇಳ್ರಿ,” ಎಂದಳು ಶಿವಲೀಲಾ. “ಅವ್ರು ಹೊಲ ಸಾಲಿಗೆ ಬರದು ಕೊಟ್ಟಾರೇನು?”

ಹೆಡ್‌ಮಾಸ್ತರರು ಬೆಚ್ಚಿದರು. “ಇಲ್ರೀ ತಾಯಿ. ಬರೇ ಬಾಯಿಮಾತಿನ ಮ್ಯಾಲ ನಡದೈತಿ. ನನಗ ನಿಮ್ಮದೇ ಅಂಜಿಕಿ. ನೀವು ನಾಳಿ ತಂತಿ ಬೇಲಿ ಹಾಕಿದ್ರ ಕೋರ್ಸು ನಿಂತಂಗ. ಗುರುವಾರ ಕುಷ್ಟಗಿಯಿಂದ ಪರೀಕ್ಷಾ ಮಾಡವ್ರು ಬರ್ತಾರ. ಅದೊಂದು ಆಗಿಹೋಗ್ಲಿ ಅಂತ...”

“ಕೇಳಿದ್ಯಾ?” ಪ್ರಭುರಾಜ ಅಲ್ಲಿಂದಲೇ ಕೂಗಿದ. “ಹೆಣ ಇನ್ನೂ ಮನಿ ಬಿಟ್ಟಿಲ್ಲ, ಹೊಲ ಕೇಳಾಕತ್ತಾನ!”

ಶಿವಲೀಲಾ ಇಬ್ಬರ ಮುಖವನ್ನೂ ನೋಡಿದಳು. ಒಬ್ಬರನ್ನೂ ನಂಬಲಾಗಲಿಲ್ಲ. ನಂಬಬೇಕಾಗಿದ್ದವನು ವಿಭೂತಿ ಬಳಿದುಕೊಂಡು ಸುಮ್ಮನೆ ಕೂತಿದ್ದ. ಅವಳಿಗೆ ಅವನ ಮೇಲೆ ಸಿಟ್ಟೇ ಬಂತು.

“ಮಣ್ಣಾಗ್ಲಿ,” ಎಂದಳು. “ಆಮ್ಯಾಲ ಹೇಳ್ತೀನಿ.”

ಹೆಣ ಹೊಲ ಮುಟ್ಟಿದಾಗ ಶಾಲೆಯ ಮಕ್ಕಳು ಬದುವಿನ ಮೇಲೆ ನಿಂತಿದ್ದರು. “ಹಕ್ಕು ತೋರ್ಸಾಕ ನಿಲ್ಲಿಸ್ಯಾನ ಹೆಡ್‌ಮಾಸ್ತರ,” ಎಂದು ಪ್ರಭುರಾಜ ಹಲ್ಲು ಕಡಿದ. ಅಯ್ಯನವರು ಮಂತ್ರ ಹೇಳಿದರು. ಮಾಸ್ತರನನ್ನು ಕುಣಿಯಲ್ಲಿ ಕೂರಿಸಿ, ವಿಭೂತಿ, ಪತ್ರಿ, ಉಪ್ಪು ಹಾಕಿದ್ದಾಯಿತು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಉಳಿದದ್ದನ್ನು ಗಂಡಸರು ಸಲಿಕೆಯಿಂದ ದಬದಬ ಎಳೆದು, ಗುಪ್ಪೆ ಹಾಕಿ, ಕೈಕಾಲು ತೊಳೆಯಲು ಹೊರಟರು.

ಮೆಹರಾಜ ಹೊರಡಲಿಲ್ಲ. ಗುಪ್ಪೆಯ ಪಕ್ಕ ಮೊಳಕಾಲೂರಿ ಒಂದು ಹೆಂಟೆ ತೆಗೆದು ಎರಡೂ ಕೈಯಲ್ಲಿ ಪುಡಿ ಮಾಡಿದಳು.

“ಬಾರವ್ವಾ, ಹೋಗೂನು,” ಎಂದ ಬಡೇಸಾಬ.

“ಭಾಳ ಹೆಂಟಿ ಅದಾವ, ಅಬ್ಬಾ.”

ಇನ್ನೊಬ್ಬ ಹುಡುಗ ಬಂದು ಕಲ್ಲು ಆರಿಸತೊಡಗಿದ. ಆಮೇಲೆ ಎಲ್ಲರೂ ಇಳಿದರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಗುಪ್ಪೆಯ ನೆತ್ತಿ ಸಮ ಮಾಡಿದರು, ಅಂಚು ಕಟ್ಟಿದರು, ಸುತ್ತಲೂ ಬೆರಳಿನಿಂದ ಕಾಲುವೆ ತೆಗೆದರು.

“ಏ! ಗದ್ದಿಗಿ ಮುಟ್ಟಬ್ಯಾಡ್ರಿ!” ಪ್ರಭುರಾಜ ಓಡಿ ಬಂದು ಮಕ್ಕಳಿಗೂ ಉಳಿದ ಮಡಿಗಳಿಗೂ ನಡುವೆ ನಿಂತ. “ಶಿವಲೀಲಾ, ನೋಡ ಇಲ್ಲೆ, ನನ್ನ ತಮ್ಮನ್ನೂ ಮಡಿ ಮಾಡಾಕತ್ತಾರ!”

ಶಿವಲೀಲಾ ನೋಡಿದಳು. ಇಷ್ಟು ದಿನ ಅವಳು ಗಂಡನ ಬಾಯಿಂದ ಉತ್ತರ ಹೊರಡಿಸಲು ಒದ್ದಾಡಿದ್ದಳು. ಅವನ ಕೈ ಏನು ಮಾಡುತ್ತಿದೆಯೆಂದು ನಿಂತು ನೋಡಿರಲಿಲ್ಲ. ಈಗ ಅವನು ಕಲಿಸಿದ ಕೈಗಳೆಲ್ಲ ಅವನ ಸುತ್ತ ಮಣ್ಣಲ್ಲಿ ಆಡುತ್ತಿದ್ದವು. ಹಿಂದಿನ ಸಂಜೆಯಿಂದ ಬಾರದ ಅಳು ಒಮ್ಮೆಲೇ ಬಂತು. ಅವಳು ಜೋರಾಗಿಯೇ ಅತ್ತಳು.

ಹೆಡ್‌ಮಾಸ್ತರರು ಇನ್ನೂ ಅನುಮಾನದಿಂದಲೇ ಅವಳ ಮುಖ ನೋಡುತ್ತಿದ್ದರು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಅವರ ಕಡೆಗೂ ತಿರುಗದೆ, ಭಾವನ ಕಡೆಗೂ ತಿರುಗದೆ ಕೂಗಿದಳು:

“ಬಡೇಸಾಬಣ್ಣ, ಮೋಟರ ಚಾಲೂ ಮಾಡೋ.”

ಬಡೇಸಾಬ ಬೋರಿನ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ನೀರು ಮೆಣಸಿನ ಮಡಿ ದಾಟಿ, ಬದನೆ ಮಡಿ ಹೊಕ್ಕು, ಹೊಸ ಕಾಲುವೆಯ ಬಾಯಿಗೆ ಬಂತು. ಮೆಹರಾಜ ಕಾಲಿನಿಂದ ಅಡ್ಡಗಟ್ಟೆ ಒಡೆದಳು. ನಡುವೆ ನಿಂತಿದ್ದ ಪ್ರಭುರಾಜ ಧೋತರ ಎತ್ತಿ ಹಿಡಿದು, ಒಂದು ಹೆಜ್ಜೆ ಹಿಂದಕ್ಕೆ ಸರಿದು, ನೀರಿಗೆ ದಾರಿ ಬಿಟ್ಟ.