ಷಡ್ಡಕನ ಸಪಾಟು ದಾರಿ

ದರ್ಜಿಗೆ ಷಡ್ಡಕನನ್ನು ಕಂಡರೆ ಮೈಯೆಲ್ಲ ಉರಿ. ಹೆಂಡತಿಯ ತಂಗಿಯ ಗಂಡನಾದ ಆ ಔಷಧಿ ಅಂಗಡಿಯವನು ಪ್ರತಿ ಭಾನುವಾರ ಸೈಕಲ್ಲಿನಲ್ಲಿ ಎಪ್ಪತ್ತು ಕಿಲೋಮೀಟರ್ ಸುತ್ತಿ ಬರುತ್ತಿದ್ದ. ಬಂದಾಗ ಅಂಗಿಯ ಇಸ್ತ್ರಿ ಕೂಡ ಕೆಟ್ಟಿರುತ್ತಿರಲಿಲ್ಲ! ದರ್ಜಿಯೋ, ತನ್ನ ಸೈಕಲ್ಲಿನೊಂದಿಗೆ ಊರಾಚೆಯ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಹೈರಾಣಾಗಿ ಮಂಚ ಹಿಡಿಯುತ್ತಿದ್ದ.

"ನನ್ನ ತಂಗಿ ಗಂಡನ್ನ ನೋಡಿ ಕಲೀರಿ," ಎಂದು ಹೆಂಡತಿ ಆ ಉರಿಗೆ ತುಪ್ಪ ಸುರಿಯುತ್ತಿದ್ದಳು. ದಾರಿ ಯಾವುದೆಂದು ಕೇಳಿದರೆ ಆ ಮಹಾನುಭಾವ, "ಹೀಗೇ, ಎಲ್ಲೋ," ಎಂದು ಹಲ್ಲು ಕಿರಿಯುತ್ತಿದ್ದ.

ಒಂದು ಭಾನುವಾರ ದರ್ಜಿ ಕದ್ದು ಹಿಂಬಾಲಿಸಿದ. ಗೋದಾಮಿನ ಹಿಂದೆ ತಿರುಗಿದರೆ ಕಾಲುವೆಯ ಏರಿ. ಅಂಗೈಯಂತೆ ಸಪಾಟು, ಲಾರಿಯಿಲ್ಲ, ಹಾರ್ನಿಲ್ಲ, ಉದ್ದಕ್ಕೂ ನೆರಳು. ಇಂಥ ದಾರಿಯನ್ನು ಒಬ್ಬನೇ ನುಂಗಿ ಕೂತಿದ್ದನಲ್ಲ, ಪಾಪಿ! ದರ್ಜಿ ಪೆಡಲ್ ತುಳಿದದ್ದಕ್ಕಿಂತ ಹಲ್ಲು ಕಡಿದದ್ದೇ ಹೆಚ್ಚು.

ಸೇತುವೆಯ ಬಳಿ ಷಡ್ಡಕ ತಿರುಗಿ ನೋಡಿದ. ಅವನ ಮುಖ ಪೆಚ್ಚಾಯಿತು.

"ಗೊತ್ತಾಗೋಯ್ತಾ ಭಾವ? ನಾನು ಓಡ್ಸೋದು ಇಂಥ ಸಪಾಟು ದಾರೀಲಿ ಅಂತ ಮನೇಲಿ ಹೇಳ್ಬೇಡಿ. 'ಅಕ್ಕನ ಗಂಡ ಗುಡ್ಡ ಹತ್ತುತ್ತಾರೆ, ನಿಮ್ಮ ಕೈಲಾಗುತ್ತಾ' ಅಂತ ನಿಮ್ಮ ನಾದಿನಿ ದಿನಾ ತಲೆ ತಿಂತಾಳೆ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ಮುಂದಿನ ವಾರ ನಿಮ್ಮ ಜೊತೆ ಬರ್ತೀನಿ, ಹತ್ತೋದು ಹೇಗೆ ಅಂತ ತೋರಿಸಿಕೊಡಿ."

ಪ್ರತಿ ಸಲವೂ ಗುಡ್ಡದ ಮೊದಲ ತಿರುವಿನಲ್ಲೇ ಇಳಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತುದಿಯವರೆಗೂ ಸೈಕಲ್ಲು ತಳ್ಳುತ್ತಿದ್ದ ದರ್ಜಿ ಈಗ ಮೀಸೆ ತಿರುವಿದ.

"ಅದಕ್ಕೇನಂತೆ, ಬಾ," ಎಂದ.

ಹೊಟ್ಟೆಯ ಉರಿ ಆರಿತ್ತು. ಆದರೆ ಮನಸ್ಸಿನಲ್ಲೇ ಗುಡ್ಡದ ತಿರುವುಗಳನ್ನು ಎಣಿಸತೊಡಗಿದ್ದ.