ಗೋಡೆಯ ಜಾಗಕ್ಕೆ ಬಂದ ತೊಲೆ

ಅಪಘಾತದಲ್ಲಿ ಕಾಲು ಹೋದ ಮೇಲೆ ಸೊಸೆಯ ಲೋಕವೆಲ್ಲ ಮುಂದಿನ ಕೋಣೆಯಷ್ಟೇ. ಅವಳ ಗಾಲಿಕುರ್ಚಿ ಮನೆಯೊಳಗಿನ ಕಿರಿದಾದ ಹಾದಿಯಲ್ಲಿ ಅಡುಗೆಮನೆಯತ್ತ ತಿರುಗುತ್ತಿರಲಿಲ್ಲ. ನಡುವಿನ ಗೋಡೆ ತೆಗೆಯೋಣವೆಂದರೆ ಮಾಳಿಗೆಯ ನೆಲ ಹೊತ್ತ ಮರದ ಜಂತೆಗಳೆಲ್ಲ ಅದರ ಮೇಲೇ ಕೂತಿದ್ದವು. ಮಾಳಿಗೆಯಲ್ಲಿ ಮಲಗುವವರು ಅತ್ತೆ.

"ಒಡೀರಿ. ಉಕ್ಕಿನ ತೊಲೆ ಹಾಕ್ಸಿ. ನಾನೇನು ಆನೆ ಅಲ್ಲ, ನೆಲ ಕುಸಿಯೋಕೆ" ಎಂದುಬಿಟ್ಟರು ಅತ್ತೆ.

ಬಡಗಿ ಜಾಕಿ ಕೊಟ್ಟು ಜಂತೆಗಳನ್ನು ಎತ್ತಿಹಿಡಿದ. ಗೋಡೆ ಹೋಯಿತು, ತೊಲೆ ಬಂತು. ಮರ ಉಕ್ಕಿಗೆ ನೇರವಾಗಿ ಕಚ್ಚುವುದಿಲ್ಲವೆಂದು ತೊಲೆಯ ಬೆನ್ನಿಗೆ ದಪ್ಪ ಹಲಗೆ ಇಟ್ಟು ಬೋಲ್ಟು ಹಾಕಿದ. ಜಂತೆಗಳು ಆ ಹಲಗೆಯ ಮೇಲೆ ಕೂರಬೇಕಿತ್ತು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಯಿತ್ತು. ಆದರೆ ಕೆಲಸ ಬಲ್ಲವನ ಕೈ ಸುಮ್ಮನಿರಬೇಕಲ್ಲ! ಬಾಗಿದ ಹಳೇ ನೆಲವನ್ನು ನೆಟ್ಟಗೆ ಮಾಡಿಯೇ ಬಿಡುತ್ತೇನೆಂದು ಜಾಕಿಯನ್ನು ಇನ್ನಷ್ಟು ತಿರುವಿದ.

ಮೇಲೆ ಲಟಕ್ಕೆಂದಿತು. ಬೇಡವೆಂದರೂ ಕೇಳದೆ ಕನ್ನಡಕ ತರಲು ಮಾಳಿಗೆ ಹತ್ತಿದ್ದ ಅತ್ತೆ ಒಳಗಿನಿಂದ ಬಾಗಿಲು ಬಡಿಯತೊಡಗಿದರು.

"ಯಾರೋ ಅದು, ನನ್ನ ಕೂಡಿಹಾಕಿದ್ದು?"

ನೆಲ ಮೇಲೆದ್ದು ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಂಡಿತ್ತು. ಸೊಸೆ ಕೆಳಗಿನಿಂದ ಕೂಗಿದಳು. "ಬೇಡ, ಗೋಡೆ ವಾಪಸ್ ಕಟ್ಬಿಡಿ! ನನ್ನೊಬ್ಬಳಿಗೋಸ್ಕರ ಇಷ್ಟೆಲ್ಲ ಯಾಕೆ?"

"ನೀನು ಬಾಯ್ಮುಚ್ಚು!" ಮೇಲಿನಿಂದ ಗುಡುಗು. "ಬಡಗಿಯವ್ರೇ, ಈ ನೆಲಕ್ಕೂ ನನ್ನಷ್ಟೇ ವಯಸ್ಸಾಗಿದೆ. ಬೆನ್ನು ನೆಟ್ಟಗೆ ಮಾಡೋಕೆ ಹೋಗ್ಬೇಡಿ, ಇಳಿಸಿ."

ಬಡಗಿ ನಾಲಿಗೆ ಕಚ್ಚಿಕೊಂಡು ಜಾಕಿಯನ್ನು ಮೆಲ್ಲಗೆ ಇಳಿಸಿದ. ಬಾಗಿಲು ತೆರೆಯಿತು. ನೆಲದ ಬಾಗನ್ನು ಹಾಗೇ ಉಳಿಸಿ, ತೊಲೆಯನ್ನು ಅದಕ್ಕೆ ತಕ್ಕ ಎತ್ತರಕ್ಕೆ ಕೂರಿಸಿ, ಸಂದುಗಳಿಗೆ ಗಟ್ಟಿಮರದ ಚಕ್ಕೆ ತುಂಬಿ ಬೋಲ್ಟು ಬಿಗಿದ.

ಸಂಜೆ ಮಗ "ಅಮ್ಮ, ಇವತ್ತೊಂದಿನ ಕೆಳಗೇ ಮಲಗು" ಎಂದ. ಅತ್ತೆ ಕೇಳಿಯಾರೇ? ಹತ್ತಿಹೋಗಿ, ತಮ್ಮ ಮಂಚವನ್ನು ಸರಿಯಾಗಿ ತೊಲೆಯ ನೆತ್ತಿಗೇ ಎಳೆದು, ಅದರ ಮೇಲೆ ಧೊಪ್ಪನೆ ಕೂತರು.

"ಕೆಳಗೆ ಏನಾದ್ರೂ ಅಲ್ಲಾಡ್ತಾ ಇದ್ಯೇನೇ?"

ಸೊಸೆ ತೊಲೆಯ ಕೆಳಗೆ ಹಾದು ಅಡುಗೆಮನೆಯ ನಡುವೆ ಬಂದಿದ್ದಳು. ಕುರ್ಚಿ ಎಲ್ಲೂ ತಾಗಿರಲಿಲ್ಲ. ತಲೆಯೆತ್ತಿ ನೋಡಿದಳು. "ಇಲ್ಲ ಅತ್ತೆ, ಒಂಚೂರೂ ಇಲ್ಲ."

"ಹಾಗಾದ್ರೆ ಸುಮ್ನೆ ಯಾಕೆ ಕೂತಿದ್ದೀಯಾ? ಚಹಾ ಇಡು, ಬರ್ತೀನಿ."

ಅಪಘಾತವಾದ ಮೇಲೆ ಈ ಮನೆಯಲ್ಲಿ ಯಾರೂ ಅವಳಿಗೆ ಒಂದು ಕೆಲಸವನ್ನೂ ಹೇಳಿರಲಿಲ್ಲ. ಈ ಋಣ ಹೇಗೆ ತೀರಿಸಲಿ ಎಂದುಕೊಂಡಳು. ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.

"ಸಕ್ಕರೆ ಎಷ್ಟು ಹಾಕ್ಲಿ ಅತ್ತೆ?" ಎಂದು, ಗೊತ್ತಿದ್ದರೂ, ಕೂಗಿ ಕೇಳಿದಳು.