ಮೀಟರ್ ಇಲ್ಲದ ಮನೆಗಳು

“ನಿಮಗೆ ನಮ್ಮ ಓಟು ಬೇಡ್ವಾ, ಟೈಲರಮ್ಮ?”

ಆ ಹೆಂಗಸು ಹೀಗೆ ಕೇಳಿದಾಗ ಟೈಲರಮ್ಮನ ಬಾಯಲ್ಲಿ ಮೂರು ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿನ ಬಟ್ಟೆಗೆ ಚುಚ್ಚಿ, ಉಸಿರೆಳೆದುಕೊಂಡು, “ಬೇಡದೆ ಏನು? ಒಂದೊಂದು ಓಟಿಗೂ ಮೂರು ಮೂರು ಸಲ ಮೆಟ್ಟಿಲು ಹತ್ತಿದೀನಿ,” ಎಂದಳು.

“ನಮ್ಮನೆ ಮೆಟ್ಟಿಲು ಹತ್ತಿಲ್ಲ. ನಮ್ಮನೆಗೆ ಮೆಟ್ಟಿಲೇ ಇಲ್ಲ, ಅದು ಬೇರೆ ಮಾತು.”

ಹೆಂಗಸು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಮಗಳ ಶಾಲೆಯ ಲಂಗದ ಅಂಚು ಬಿಚ್ಚಿ ಎರಡು ಇಂಚು ಇಳಿಸಿಕೊಂಡು ಹೋಗಲು ಬಂದಿದ್ದಳು. ಜಗಳ ತೆಗೆಯುವ ದನಿಯಲ್ಲಿ ಕೇಳಿದ್ದರೆ ಟೈಲರಮ್ಮ ಜಗಳವನ್ನೇ ಆಡುತ್ತಿದ್ದಳು, ಅದರಲ್ಲಿ ಅವಳೇನೂ ಹಿಂದೆ ಬೀಳುವವಳಲ್ಲ. ಆದರೆ ಇವಳು ಲಂಗವನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತಾ, ಊಟ ಆಯ್ತಾ ಎನ್ನುವಷ್ಟು ಸಲೀಸಾಗಿ ಕೇಳಿದ್ದಳು.

“ಹಳೇ ಎಣ್ಣೆ ಮಿಲ್ಲಿನ ಹಿಂದೆ ಐವತ್ತು ಚಿಲ್ಲರೆ ಮನೆ ಇದಾವೆ. ಕೌನ್ಸಿಲರ್ ಕಡೆಯೋರು ಎರಡು ಸಲ ಬಂದು ಹೋದ್ರು. ನಿಮ್ಮ ಪೋಸ್ಟರು ಮಿಲ್ಲಿನ ಗೋಡೆ ತನಕ ಬಂದು ಅಲ್ಲೇ ನಿಂತುಬಿಟ್ಟಿದೆ. ಟೈಲರಮ್ಮನ ಲೆಕ್ಕದಲ್ಲಿ ನಾವಿಲ್ಲ ಅಂದ್ಕೊಂಡ್ವಿ.”

ಅವಳು ಹೋದ ಮೇಲೆ ಟೈಲರಮ್ಮ ಡ್ರಾಯರಿನಿಂದ ಮತದಾರರ ಪಟ್ಟಿ ಎಳೆದಳು. ಹೆಂಗಸಿನ ಹೆಸರು ಹನ್ನೊಂದನೇ ಹಾಳೆಯಲ್ಲಿತ್ತು. ಅದರ ಮೇಲೆ ಸ್ಕೇಲು ಇಟ್ಟು ಹೊಡೆದ ಕೆಂಪು ಗೆರೆ. ಪಕ್ಕದಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ‘ಮನೆ ಇಲ್ಲ’ ಎಂದು ಬರೆದಿತ್ತು. ಅವಳ ಗಂಡನ ಹೆಸರಿನ ಮೇಲೂ ಗೆರೆ, ಅತ್ತೆಯ ಹೆಸರಿನ ಮೇಲೂ ಗೆರೆ. ಹಾಳೆ ತಿರುವಿದರೆ ಕೆಂಪೋ ಕೆಂಪು. ಅಕ್ಷರ, ಅವಳ ಜೊತೆ ಓಟು ಕೇಳಲು ಓಡಾಡುತ್ತಿದ್ದ ಮೀಟರ್ ಚಿಕ್ಕಪ್ಪನದು. ಅಷ್ಟು ಚೆಂದದ ಅಕ್ಷರ ಆ ವಾರ್ಡಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಪ್ರಚಾರ ಮುಗಿಯಲು ಉಳಿದಿದ್ದದ್ದು ಒಂದೇ ದಿನ. ನಾಳೆ ಸಂಜೆ ಐದಕ್ಕೆ ಎಲ್ಲ ಬಂದ್; ಆಮೇಲೆ ಮನೆಮನೆಗೆ ಹೋಗಿ ಓಟು ಕೇಳುವುದಕ್ಕೂ ಈ ಸಲ ಅವಕಾಶವಿಲ್ಲವೆಂದು ಆದೇಶವಾಗಿತ್ತು.

ಟೈಲರಮ್ಮ ಚುನಾವಣೆಗೆ ನಿಂತದ್ದು ಒಂದು ಬೀಗದ ದೆಸೆಯಿಂದ. ಮಾರುಕಟ್ಟೆ ಕಟ್ಟಡದ ಹೆಂಗಸರ ಶೌಚಾಲಯಕ್ಕೆ ನಾಲ್ಕು ವರ್ಷದ ಹಿಂದೆ ‘ದುರಸ್ತಿ’ ಎಂದು ಬೀಗ ಬಿದ್ದಿತ್ತು. ದುರಸ್ತಿಗೆ ಒಂದು ಇಟ್ಟಿಗೆಯೂ ಬಂದಿರಲಿಲ್ಲ. ಅಲ್ಲಿ ಅಂಗಡಿ ಇಟ್ಟುಕೊಂಡ ಇಪ್ಪತ್ತೆರಡು ಹೆಂಗಸರು ಬೆಳಗ್ಗೆ ಒಂಬತ್ತರಿಂದ ರಾತ್ರಿ ಏಳರ ತನಕ ಒಂದು ಲೋಟ ನೀರು ಕುಡಿಯಲೂ ಹೆದರುತ್ತಿದ್ದರು. ಟೈಲರಮ್ಮನಿಗೆ ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಹನ್ನೊಂದು ಅರ್ಜಿ ಕೊಟ್ಟಳು. ಹನ್ನೊಂದನೆಯದನ್ನು ಮೇಜಿನ ಮೇಲಿಟ್ಟಾಗ ಕೌನ್ಸಿಲರ್ ನಗುತ್ತಾ, “ಅಷ್ಟು ಅರ್ಜೆಂಟಾದ್ರೆ ನೀವೇ ಗೆದ್ದು ಬಂದು ಬೀಗ ತೆಗೀರಿ,” ಎಂದ. ಸುತ್ತ ಕೂತವರೂ ನಕ್ಕರು. ಅವಳು ಮನೆಗೆ ಬಂದು, ಊಟ ಮಾಡಿ, ಪಾತ್ರೆ ತೊಳೆದು, ಕೈ ಒರೆಸಿಕೊಳ್ಳುತ್ತಾ ಗಂಡನಿಗೆ ಹೇಳಿದಳು: “ಈ ಸಲ ನಾನು ನಿಲ್ತೀನಿ.” ಶಾಲೆ ವ್ಯಾನು ಓಡಿಸುವ ಗಂಡ ಮೊದಲು ನಗಲು ಹೊರಟವನು, ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಮರುದಿನವೇ ಚಿಕ್ಕಪ್ಪ ತಮ್ಮ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ನಿವೃತ್ತರಾದವರು. ವಾರ್ಡಿನ ಪ್ರತಿ ಮನೆಯೂ ಆ ಪುಸ್ತಕದಲ್ಲಿ, ನಡೆದು ಹೋಗುವ ದಾರಿಯ ಸಾಲಿನಲ್ಲೇ ಇತ್ತು. “ಪಟ್ಟಿ ನಂಬ್ಕೋಬೇಡ, ಅದರಲ್ಲಿ ಸತ್ತೋರೇ ಜಾಸ್ತಿ. ನನ್ನ ಪುಸ್ತಕ ಹಿಡ್ಕೊಂಡು ಹೋಗೋಣ,” ಎಂದರು. ಹಾಗೇ ಹೋದರು. “ಎಂಟನೇ ಮನೆ ನಾಯಿ ಬೊಗಳುತ್ತೆ ಅಷ್ಟೆ, ಕಚ್ಚಲ್ಲ. ಒಂಬತ್ತನೇ ಮನೆ ಯಜಮಾನ್ರ ಹತ್ರ ಮಾತ್ರ ಹುಷಾರು.” ಮೀಟರ್ ಓದಿದ ಮನೆಗೆ ಎರಡನೇ ಸಲ ಹೋಗಬಾರದೆಂದು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಅವರ ಹಳೇ ಪದ್ಧತಿ. ಓಟು ಕೇಳಿದ ಮನೆಗೂ ಅದೇ ಗುರುತು ಬಿತ್ತು. ಟೈಲರಮ್ಮನಿಗೆ ಅವರ ಮೇಲೆ ಎಷ್ಟು ಭರವಸೆಯೆಂದರೆ ಮೂರು ವಾರದಲ್ಲಿ ಒಂದು ಸಲವೂ ಆ ಪಟ್ಟಿಯನ್ನು ತಾನೇ ತೆರೆದು ನೋಡಿರಲಿಲ್ಲ.

ಈಗ ಮನೆಗೆ ಬಂದಾಗ ಚಿಕ್ಕಪ್ಪ ಹಜಾರದಲ್ಲಿ ನಾಳಿನ ಮೆರವಣಿಗೆಯ ನಕ್ಷೆ ಬರೆಯುತ್ತಿದ್ದರು. ಹನ್ನೆರಡು ಗಂಟೆಗೆ ಮುಖ್ಯರಸ್ತೆಯಲ್ಲಿ ಶುರು, ಧ್ವನಿವರ್ಧಕದ ಗಾಡಿ ಮುಂದೆ, ಮಾರುಕಟ್ಟೆಯ ಹೆಂಗಸರು ಹಿಂದೆ. ಟೈಲರಮ್ಮ ಪಟ್ಟಿಯನ್ನು ನಕ್ಷೆಯ ಮೇಲೆಯೇ ಇಟ್ಟಳು.

“ಮಿಲ್ಲಿನ ಹಿಂದಿನೋರದ್ದೆಲ್ಲ ಯಾಕೆ ಹೊಡೆದುಹಾಕಿದೀರಿ?”

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಅಲ್ಲಿ ಮೀಟರ್ ಇಲ್ಲಮ್ಮ. ಅವರದ್ದು ಬೀದಿ ನಲ್ಲಿ. ಮೀಟರ್ ಇಲ್ಲದ ಮನೆ ಪುಸ್ತಕಕ್ಕೆ ಬರಲ್ಲ.”

“ಜನ ಇದಾರಲ್ಲ?”

“ಇದಾರೆ.” ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಪುಸ್ತಕದಲ್ಲಿರೋ ಮನೆಗೆಲ್ಲ ಹೆಸರು ಹೊಂದಿಸಿದೆ. ಹೊಂದದೆ ಉಳಿದದ್ದನ್ನ ಹೊಡೆದೆ. ಕೈ ತನ್ನಷ್ಟಕ್ಕೆ ಹಾಗೇ ಮಾಡ್ತು.”

ಅವಳು ಕೆಂಪು ಗೆರೆಯೊಂದರ ಮೇಲೆ ಬೆರಳಿಟ್ಟಳು. ಅದನ್ನು ನೋಡಿ ಚಿಕ್ಕಪ್ಪ ತಾವಾಗಿಯೇ ಬಾಯಿಬಿಟ್ಟರು.

“ಹದಿನೆಂಟು ವರ್ಷದ ಹಿಂದೆ ಅಲ್ಲಿಯೋರು ದೊಡ್ಡ ಪೈಪಿಂದ ತಾವೇ ಒಂದು ಲೈನು ಎಳ್ಕೊಂಡಿದ್ರು. ಮನೆಮನೆಗೂ ನಲ್ಲಿ. ನಾನು ಕಂಡುಹಿಡಿದು ಆಫೀಸಿಗೆ ಬರೆದುಕೊಟ್ಟೆ. ಮಾರನೇ ದಿನ ಬಂದು ಕತ್ತರಿಸಿದ್ರು. ನಾನೇ ಮುಂದೆ ನಿಂತು ಇಲ್ಲಿದೆ, ಅಲ್ಲಿದೆ ಅಂತ ತೋರಿಸ್ದೆ. ಕಾನೂನು ಪ್ರಕಾರ ಸರಿನೇ. ಆದ್ರೆ ಆಮೇಲೆ ಆ ಕಡೆ ಕಾಲಿಟ್ಟಿಲ್ಲ.”

“ನೀವು ಕಾಲಿಟ್ಟಿಲ್ಲ ಅಂತ ‘ಮನೆ ಇಲ್ಲ’ ಅಂತ ಬರೆದ್ರಾ, ಚಿಕ್ಕಪ್ಪ?”

ಆ ಮಾತು ಅವರಿಗೆ ನಾಟಿತು. ಅದು ಮುಖದಲ್ಲೇ ಕಂಡಿತು. ಅಪ್ಪ ತೀರಿಕೊಂಡ ಮೇಲೆ ಟೈಲರಮ್ಮನಿಗೆ ಮೊದಲ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ತಂದಿದ್ದವರು ಇವರೇ. ಆದರೂ ಅವಳು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ನಾಳೆ ಮೆರವಣಿಗೆ ಬೇಡ. ಮಿಲ್ಲಿನ ಹಿಂದೆ ಹೋಗೋಣ.”

ಬಾಗಿಲಲ್ಲಿ ನಿಂತಿದ್ದ ಗಂಡ, “ಗಾಡಿಗೆ ಹೇಳಿ ಆಗಿದೆಯಲ್ಲೇ, ಮುಖ್ಯರಸ್ತೆ ಜನವೆಲ್ಲ ನೋಡ್ತಾರೆ,” ಎಂದ.

“ಮುಖ್ಯರಸ್ತೆಯೋರು ಮೂರು ವಾರದಿಂದ ನೋಡಿದಾರೆ ರೀ. ನನ್ನ ಮುಖ ನೋಡಿ ನೋಡಿ ಅವರಿಗೂ ಸಾಕಾಗಿರುತ್ತೆ. ಗಾಡಿ ನೀವು ತಗೊಂಡು ಹೋಗಿ, ಅಂಗಡಿಯೋರನ್ನ ಕರ್ಕೊಳ್ಳಿ. ನಾನು ಚಿಕ್ಕಪ್ಪ ಅಲ್ಲಿಗೆ ಹೋಗ್ತೀವಿ.”

“ನಾನು ಬಂದ್ರೆ ಬರೋ ಓಟೂ ಹೋಗುತ್ತಮ್ಮ,” ಎಂದರು ಚಿಕ್ಕಪ್ಪ.

“ಹೋದ್ರೆ ಹೋಗಲಿ. ಹೊಡೆದುಹಾಕಿದ್ದು ನೀವು, ವಾಪಸು ಬರೆಯೋರೂ ನೀವೇ. ಬೆಳಗ್ಗೆ ಎಂಟಕ್ಕೆ ಬನ್ನಿ.”

ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪುಸ್ತಕ, ಜೇಬಿನಲ್ಲಿ ಸೀಮೆಸುಣ್ಣ. ಮಿಲ್ಲಿನ ಗೋಡೆ ಮುಗಿಯುವಲ್ಲಿ, ತಮ್ಮ ಪೋಸ್ಟರ್ ಕೊನೆಯಾಗುವಲ್ಲಿ, ಅವರ ಕಾಲು ನಿಧಾನವಾಯಿತು. ಟೈಲರಮ್ಮ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅವರು ವಾಪಸು ಹೊರಡುತ್ತಿದ್ದರೇನೋ.

ಬೀದಿ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಬಣ್ಣಬಣ್ಣದ ಕೊಡಗಳ ಸಾಲು. ಸಾಲಿನ ಮಧ್ಯೆ ಒಬ್ಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಇವರನ್ನೇ ನೋಡುತ್ತಿದ್ದಳು. ಟೈಲರಮ್ಮ ಕೈ ಮುಗಿದಳು. ಅಜ್ಜಿಯ ಕಣ್ಣು ಅವಳನ್ನು ದಾಟಿ ಹಿಂದೆ ಹೋಯಿತು.

“ಪೈಪು ತೋರಿಸ್ಕೊಟ್ಟೋನು ನೀನೇ ಅಲ್ವೇನಪ್ಪ?”

ಕೊಡಗಳ ಸದ್ದು ನಿಂತಿತು. ನಲ್ಲಿ ಮಾತ್ರ ಸುರಿಯುತ್ತಿತ್ತು.

“ಹೌದು, ನಾನೇ,” ಎಂದರು ಚಿಕ್ಕಪ್ಪ.

“ಆಗ ತಲೇಲಿ ಕೂದಲಿತ್ತು.”

“ಇತ್ತು.”

“ಆವತ್ತು ನನ್ನ ಸೊಸೆಗೆ ಎಂಟು ತಿಂಗಳು. ಆವತ್ತಿಂದ ಈ ನಲ್ಲಿಯಿಂದ್ಲೇ ನೀರು ಹೊತ್ತಿದೀವಿ.” ಅಜ್ಜಿ ಬೈಯುತ್ತಾಳೆಂದು ಎಲ್ಲರೂ ಕಾದರು. ಬೈಯಲಿಲ್ಲ, ತನ್ನ ಕೊಡ ಎತ್ತಿ ಅವರ ಕೈಗಿಟ್ಟಳು. “ನನ್ನ ಸೊಂಟ ಹಿಡ್ಕೊಂಡಿದೆ. ನನ್ನ ಸರದಿ ನೀನು ನಿಲ್ಲು.”

ಚಿಕ್ಕಪ್ಪ ಪುಸ್ತಕವನ್ನು ಟೈಲರಮ್ಮನ ಕೈಗೆ ಕೊಟ್ಟು ಸಾಲಿನಲ್ಲಿ ನಿಂತರು. ಮುಂದೆ ಹದಿನಾಲ್ಕು ಕೊಡಗಳಿದ್ದವು. ಟೈಲರಮ್ಮನ ಮನಸ್ಸು ಗಡಿಯಾರದ ಕಡೆಗೇ ಇತ್ತು. ಆದರೂ ಬೇಗ ಎಂದು ಹೇಳಲು ಬಾಯಿ ಬರಲಿಲ್ಲ. ಆ ಹೊತ್ತಿನಲ್ಲಿ ಸಾಲಿನಲ್ಲಿದ್ದವರಿಗೇ ಬೀಗದ ಕತೆ ಹೇಳಿದಳು. ಹೆಂಗಸರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬಳು, “ನೀರು ಕುಡಿಯದೆ ಇರೋದು ನಮಗೂ ಗೊತ್ತು ಬಿಡಿ. ನಿಮಗೆ ಹೋಗೋಕೆ ಜಾಗ ಇಲ್ಲ ಅಂತ, ನಮಗೆ ತರೋಕೆ ಸೊಂಟ ಇಲ್ಲ ಅಂತ,” ಎಂದಳು. ಎಲ್ಲರೂ ನಕ್ಕರು, ಟೈಲರಮ್ಮನೂ ನಕ್ಕಳು.

ಅಜ್ಜಿಯ ಮನೆಗೆ ಕೊಡ ಇಳಿಸಿದ ಮೇಲೆ ಚಿಕ್ಕಪ್ಪ ಅಭ್ಯಾಸಬಲದಿಂದ ಪುಸ್ತಕ ತೆರೆದು, “ಮನೆ ನಂಬರು?” ಎಂದರು.

“ನಂಬರ್ ಕೊಟ್ಟೋರು ಯಾರು ನಮಗೆ?”

ಅವರು ಹೊಸ ಹಾಳೆ ತಿರುವಿ, ಮೇಲೆ ‘ಮಿಲ್ಲಿನ ಹಿಂದಿನ ಸಾಲು’ ಎಂದು ಬರೆದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘1’ ಎಂದು ಹಾಕಿದರು. ಅಲ್ಲಿಂದ ಮುಂದೆ ಅವಳು ಒಳಗೆ ಮಾತಾಡುವುದು, ಅವರು ಹೊರಗೆ ಬರೆಯುವುದು. ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಕೊಡ, ಹೊರುವವರು ಯಾರು, ಎಲ್ಲ ಬರೆದರು. ಇಬ್ಬರು ಮುಖದ ಮೇಲೆ ಬಾಗಿಲು ಹಾಕಿದರು. ಒಬ್ಬ ಗಂಡಸು ಚಿಕ್ಕಪ್ಪನನ್ನು ಹಿಗ್ಗಾಮುಗ್ಗಾ ಬೈದ. ಅವರು ಪೂರ್ತಿ ಕೇಳಿಸಿಕೊಂಡು, ಅವನ ಗೋಡೆಗೂ ನಂಬರ್ ಹಾಕಿದರು. ಮಧ್ಯಾಹ್ನದ ಊಟದ ನೆನಪೇ ಇಬ್ಬರಿಗೂ ಆಗಲಿಲ್ಲ. ದೂರದ ಮುಖ್ಯರಸ್ತೆಯಿಂದ ಗಂಡನ ಗಾಡಿ ಅವಳ ಹೆಸರು ಕೂಗುವುದು ಆಗಾಗ ಕೇಳುತ್ತಿತ್ತು.

ನಲವತ್ತೊಂದನೇ ಮನೆಯಿಂದ ಹೊರಬರುವಾಗ ಐದು ಗಂಟೆಯಾಯಿತು. ಗಾಡಿಯ ಸದ್ದೂ ನಿಂತಿತು. ಇನ್ನೂ ಹನ್ನೆರಡು ಬಾಗಿಲು ಇದ್ದವು. ಕೊನೆಯ ತಿರುವಿನಲ್ಲಿ ಕೆಲವರು ಇವರು ಬರುತ್ತಾರೆಂದು ಹೊರಗೇ ನಿಂತಿದ್ದರು. ಟೈಲರಮ್ಮ ಅಲ್ಲಿಂದಲೇ ಕೈ ಮುಗಿದಳು.

ಎಣಿಕೆಯಲ್ಲಿ ಅವಳು ಇಪ್ಪತ್ತಮೂರು ಓಟಿನಿಂದ ಸೋತಳು. ಎರಡನೇ ಸಲ ಎಣಿಸಿದರೂ ಇಪ್ಪತ್ತಮೂರೇ. ಗೆದ್ದ ಕೌನ್ಸಿಲರ್ ಬಂದು ಕೈ ಮುಗಿದಾಗ ಅವಳೂ ಮುಗಿದಳು. ಆಮೇಲೆ ಎಣಿಕೆ ನಡೆದ ಶಾಲೆಯ ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿಕೊಂಡು, ಮನಸಾರೆ ಅತ್ತಳು. ಅಲ್ಲಿನ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿತ್ತು. ಮುಖ ತೊಳೆದುಕೊಂಡು ಹೊರಗೆ ಬಂದಾಗ ಚಿಕ್ಕಪ್ಪ ಹೊರಟುಹೋಗಿದ್ದರು.

ಎರಡು ದಿನ ಅವರು ಅಂಗಡಿಯ ಕಡೆ ಬರಲಿಲ್ಲ. ಹನ್ನೆರಡು ಮನೆಯ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೇ ದಿನ ಬೆಳಗ್ಗೆ ಅಂಗಡಿ ತೆಗೆಯದೆ ಟೈಲರಮ್ಮ ಅವರ ಮನೆಗೆ ಹೋದಳು. ಚಿಕ್ಕಪ್ಪ ಕುರ್ಚಿಯಲ್ಲಿ ಕೂತಿದ್ದರು. ಪುಸ್ತಕ ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕಪಾಟಿನ ಮೇಲೇರಿತ್ತು.

“ಆ ಹನ್ನೆರಡು ಮನೇಲಿ ಮೂವತ್ತೊಂದು ಓಟಿತ್ತು,” ಎಂದರು, ಅವಳ ಮುಖ ನೋಡದೆ.

“ಗೊತ್ತು.” ಅವಳು ಸ್ಟೂಲು ಹತ್ತಿ ಪುಸ್ತಕ ಇಳಿಸಿ, ಸೊಂಟದಲ್ಲಿದ್ದ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿದಳು. “ನಲವತ್ತೊಂದಕ್ಕೆ ನಿಲ್ಲಿಸಿದ್ವಿ.”

“ಇನ್ನು ಹೋಗಿ ಏನು ಮಾಡೋದಮ್ಮ?”

“ನಲ್ಲಿಗೆ ಅರ್ಜಿ ಹಾಕ್ಬೇಕು. ಅರ್ಧ ಪಟ್ಟಿ ಇಟ್ಕೊಂಡು ಅರ್ಜಿ ಬರೆಯೋಕಾಗಲ್ಲ. ಹನ್ನೊಂದು ಬರೆದಿದೀನಿ, ಇದು ಹನ್ನೆರಡನೇದು. ಸೀಮೆಸುಣ್ಣ ಎಲ್ಲಿ?”

ಅವರು ಎದ್ದು, ಮೊಳೆಗೆ ನೇತುಹಾಕಿದ್ದ ಅಂಗಿಯ ಜೇಬು ತಡಕಿದರು.

ಕೊನೆಯ ತಿರುವಿನ ಮೊದಲ ಮನೆಯಲ್ಲಿ ಒಬ್ಬಳು ಹೊಸ್ತಿಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಇಬ್ಬರನ್ನೂ ಕಂಡು ಕೈ ನಿಲ್ಲಿಸಿ, “ಎಲೆಕ್ಷನ್ ಮುಗೀತಲ್ಲ?” ಎಂದಳು.

“ಮುಗೀತು. ಮನೇಲಿ ಎಷ್ಟು ಜನ?” ಎಂದಳು ಟೈಲರಮ್ಮ.

ಪಾತ್ರೆ ಉಜ್ಜುತ್ತಿದ್ದವಳು ತುಂಬಿದ ಕೊಡವನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಟ್ಟಳು. ಆ ಮನೆಯದು ತುಕ್ಕು ಹಿಡಿದ ತಗಡಿನ ಗೋಡೆ, ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ. ಚಿಕ್ಕಪ್ಪ ಕರ್ಚೀಫಿನಿಂದ ಒರೆಸಿ ನಲವತ್ತೆರಡು ಎಂದು ಬರೆದರು. ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಸರಿಯಾಗಿ ಕಾಣಲಿಲ್ಲವೆನಿಸಿ, ಮತ್ತೆ ಹತ್ತಿರ ಹೋಗಿ, ಅದರ ಮೇಲೆಯೇ ಇನ್ನೊಮ್ಮೆ ಒತ್ತಿ ತಿದ್ದಿದರು.